ಪಟದ ಹಿಂದಿನ ಹಕ್ಕುಪತ್ರ

ಸೇಡಂ
27 ಜೂನ್ 2025

ತಂಗಿ ಲುಂಬಿನಿಗೆ, ಜೈಭೀಮ.

ಅವ್ವನ ಹೊಲದ ಪಹಣಿಯಿಂದ ಅವಳ ಹೆಸರನ್ನು ಯಾಕೆ ತೆಗೆಯಬಾರದು ಎಂದು ಕೇಳಿ ನೋಟೀಸು ಬಂದಿದೆ. ಸುದ್ದಿ ತಿಳಿಸಿದವನು ನಮ್ಮೂರು ಹನ್ನೊಂದ್ಮನಿಯ ಗ್ರಾಮ ಸಹಾಯಕ ನಬೀಸಾಬ್. ಮಂಗಳವಾರ ನೋಟೀಸನ್ನು ಬಾಗಿಲಿಗೆ ಅಂಟಿಸಿ, ಅದರ ಫೋಟೋ ಹೊಡೆದುಕೊಂಡು, ಆಮೇಲೆ ಒಳಗೆ ಹೋಗಿ ಅವ್ವ ಕೊಟ್ಟ ಚಹಾ ಕುಡಿದು, "ಏನಿಲ್ಲ ಬಿಡ್ರಿ ಅಮ್ಮಾ, ಬರೇ ಕಾಗದ" ಅಂದು ಹೋದನಂತೆ.

ಬರೇ ಕಾಗದವೇನಲ್ಲ. 1976ರಲ್ಲಿ ಹನ್ನೊಂದು ಮನೆಗಳಿಗೆ ಹೊಲ ಮಂಜೂರಾಯಿತಲ್ಲ, ಅದರಲ್ಲಿ ಒಂಬತ್ತು ಮನೆಯವರ ಕಡತ ಸಿಕ್ಕಿದೆ. ಹೊಳೆ ದಂಡೆಯ ಎರಡು ತುಂಡು ಬೇರೆ ಸರ್ವೆ ನಂಬರಿನಲ್ಲಿವೆ. ಅವುಗಳ ಕಡತ ಸಿಗುತ್ತಿಲ್ಲ. ಒಂದು ನಮ್ಮ ಅವ್ವನ ನಾಲ್ಕು ಎಕರೆ. ಇನ್ನೊಂದು ತೀರಿಹೋದ ಹೀರಾಬಾಯಿಯ ನಾಲ್ಕು ಎಕರೆ, ಈಗ ಅವಳ ಮಗ ಅಂಬರೇಶನದು. ಇಬ್ಬರೂ ಮೂಲ ಹಕ್ಕುಪತ್ರ ಹಾಜರುಪಡಿಸಬೇಕು. ಇಲ್ಲದಿದ್ದರೆ ಎರಡೂ ತುಂಡುಗಳು ಸರ್ಕಾರಿ ಜಮೀನು ಎಂದು ದಾಖಲಾಗುತ್ತವೆ. ನಲವತ್ತೊಂಬತ್ತು ವರ್ಷ ತೊಗರಿ ಬೆಳೆದದ್ದು ಲೆಕ್ಕಕ್ಕಿಲ್ಲ.

ಮೂಲ ಪತ್ರ ಎಲ್ಲಿದೆ ಎಂಬುದು ನಿನಗೂ ಗೊತ್ತು. ಗೋಡೆಯ ಮೇಲೆ ಬಾಬಾಸಾಹೇಬರು, ಬುದ್ಧ, ಮೂರನೆಯದು ಇಂದಿರಾ ಗಾಂಧಿಯ ಪಟ. ಹನ್ನೊಂದು ಮನೆಯವರೂ ಮಂಜೂರಿಯಾದ ದಿನವೇ ಶಹಾಬಾದಿಗೆ ಹೋಗಿ, ಅಬ್ದುಲ್ ಮಜೀದರ ಅಂಗಡಿಯಲ್ಲಿ ಪಟಕ್ಕೆ ಕಟ್ಟು ಹಾಕಿಸಿ, ಪಟದ ಬೆನ್ನಿಗೆ ಹಕ್ಕುಪತ್ರ ಸೇರಿಸಿ ಮೊಳೆ ಹೊಡೆಸಿದರು. ನಮ್ಮದೂ ಅಲ್ಲೇ ಇದೆ. ಬಿಚ್ಚಿದರೆ ಐದು ನಿಮಿಷದ ಕೆಲಸ.

ಅವ್ವ ಬಿಚ್ಚಗೊಡುತ್ತಿಲ್ಲ. "ನಾ ಇರೋತನಕ ಇಂದ್ರಮ್ಮಗ ಮೊಳಿ ಕೀಳವ್ರು ಯಾರೂ ಹುಟ್ಟಿಲ್ಲ" ಅಂದಳು. ಇದೇ ವಾರ ತುರ್ತುಪರಿಸ್ಥಿತಿಗೆ ಐವತ್ತು ವರ್ಷ ಎಂದು ನಮ್ಮ ಪತ್ರಿಕೆಯ ಡೆಸ್ಕು ಹಿರಿಯರ ನೆನಪು ಮುನ್ನೂರು ಪದಗಳಲ್ಲಿ ಕೇಳಿತ್ತು. ಅವ್ವನನ್ನು ಕೇಳಿದೆ. "ಭಾಳ ಛೊಲೊ ಇತ್ತು" ಅಂದಳು. ಒಟ್ಟು ಮೂರು ಪದ. ಉಳಿದ ಇನ್ನೂರ ತೊಂಬತ್ತೇಳನ್ನು ನಾನು ಎಲ್ಲಿಂದ ತರಲಿ?

ನಿನ್ನ ಚಂದ್ರಂಪಳ್ಳಿ ಉಪಕೇಂದ್ರದಲ್ಲಿ ಫೋನು ಹತ್ತುವುದಿಲ್ಲ. ಹತ್ತಿದರೂ ಅವ್ವನ ವಿಷಯಕ್ಕೆ ನಾವಿಬ್ಬರೂ ಮೂರು ನಿಮಿಷದಲ್ಲಿ ಕೂಗಾಡುತ್ತೇವೆ. ಅದಕ್ಕೇ ಈ ಕಾಗದ. ಬಂದು ಅವಳಿಗೆ ಬುದ್ಧಿ ಹೇಳು.

ವಿಚಾರಣೆ ಆಗಸ್ಟ್ 8, ಶುಕ್ರವಾರ, ಸೇಡಂ.

ನಿನ್ನ ಅಣ್ಣ,
ಸುರೇಶಕುಮಾರ


ಚಂದ್ರಂಪಳ್ಳಿ, ಚಿಂಚೋಳಿ ತಾಲೂಕು
9 ಜುಲೈ 2025

ಅಣ್ಣನಿಗೆ, ಜೈಭೀಮ.

ನಿನ್ನ ಕಾಗದ ಹನ್ನೆರಡು ದಿನಕ್ಕೆ ತಲುಪಿತು. ಬುದ್ಧಿ ಹೇಳು ಅಂತ ಬರೆದಿದ್ದಿ. ಯಾರಿಗೆ? ನಾನು ನರ್ಸು, ದಿನಕ್ಕೆ ನಲವತ್ತು ಮಂದಿಗೆ ಬುದ್ಧಿ ಹೇಳುತ್ತೇನೆ, ಮಾತ್ರೆ ನುಂಗುವವರು ನಾಲ್ಕು ಮಂದಿ. ಅವ್ವ ಆ ನಾಲ್ವರಲ್ಲಿ ಇಲ್ಲ.

ನಿನ್ನ ಮುನ್ನೂರು ಪದಕ್ಕೆ ಬೇಕಾದರೆ ಇದನ್ನು ತಗೋ. ಹೋದ ವಾರ ಜಲಾಶಯದ ಆಚೆಯ ತಾಂಡಾದಿಂದ ಒಬ್ಬ ಮುದುಕ ಬಂದಿದ್ದ. ಬಿ.ಪಿ. ನೋಡಲು ಪಟ್ಟಿ ಕಟ್ಟಹೋದರೆ ಕೈ ಕಿತ್ತುಕೊಂಡ. ಅವನ ಹೆಂಡತಿ ಹೇಳಿದಳು: "ಬಿಳಿ ಕೋಟ ಕಂಡ್ರ ಅಂವ ಹಂಗೇ ಮಾಡ್ತಾನ ಬಾಯಿ. ಮದಿವ್ಯಾಗಿ ಒಂದ ವರ್ಷಕ್ಕ ಜೀಪಿನ್ಯಾಗ ಹಾಕ್ಕೊಂಡು ಹೋಗಿ ಆಪರೇಷನ್ ಮಾಡಿ ಕಳಿಸಿದ್ರು. ಒಂದ ಡಬ್ಬಿ ತುಪ್ಪ ಕೊಟ್ಟಿದ್ರು." ಅವರಿಗೆ ಮಕ್ಕಳಿಲ್ಲ. ಯಾವ ವರ್ಷ ಅಂತ ಕೇಳಿದೆ. "ಇಂದ್ರಮ್ಮನ ಕಾಲದಾಗ" ಅಂದಳು. ತುಪ್ಪದ ಡಬ್ಬಿ ಇನ್ನೂ ಇದೆಯಂತೆ, ಉಪ್ಪು ಹಾಕಿಡುತ್ತಾಳೆ.

ಅವ್ವನಿಗೆ ಹೊಲ ಬಂದದ್ದೂ ಅದೇ ವರ್ಷ. ನಾನು ಯಾರ ಮಾತು ತಪ್ಪು ಅನ್ನಲಿ? ನೀನಾದರೆ ಎರಡೂ ಕಡೆಯ ಹೇಳಿಕೆ ತಗೊಂಡು, ಹೆಸರು ಹಾಕಿ, ಊಟಕ್ಕೆ ಹೋಗುತ್ತಿ. ನಾನು ಆ ಮುದುಕನಿಗೆ ಮತ್ತೆ ಪಟ್ಟಿ ಕಟ್ಟಬೇಕು.

ಆಗಸ್ಟಿನ ತನಕ ನನಗೆ ರಜೆ ಇಲ್ಲ. ಅಲ್ಲಿಯವರೆಗೆ ಅವ್ವನ ಮುಂದೆ ಕಾನೂನು ಓದಬೇಡ. ನೀನು ಓದಿದಷ್ಟೂ ಅವಳು ಗಟ್ಟಿಯಾಗುತ್ತಾಳೆ. ಇನ್ನೊಂದು ಮಾತು. ಅಂಬರೇಶನಿಗೂ ನೋಟೀಸು ಬಂದಿದೆ ಅಂತ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದಿ. ನೀವಿಬ್ಬರೂ ಮಾತು ಬಿಟ್ಟು ಹತ್ತು ವರ್ಷ ಆಯಿತು. ಒಂದು ಸಲ ಅವನೊಂದಿಗೆ ಮಾತಾಡಿದರೆ ನಿನ್ನ ನಾಲಿಗೆ ಸವೆಯುತ್ತದೇನು?

ನಿನ್ನ ತಂಗಿ,
ಲುಂಬಿನಿ


ಹನ್ನೊಂದ್ಮನಿ
21 ಜುಲೈ 2025

ಮಗ ಸುರೇಶಗ ಅನಸುಬಾಯಿ ಹೇಳಿ ಬರೆಸಿದ್ದು. ಬರೆದವಳು ಅಂಗನವಾಡಿ ಇಮಾಮ್ಬೀ.

ನೀ ಕಳಿಸಿದ ಕಾಗದ ಇಮಾಮ್ಬೀ ಎರಡು ಸಲ ಓದಿದಳು. ಸಿಟ್ಟು ಒಂದೇ ಸಲಕ್ಕ ಬಂತು. "ಹೊಲ ಕೊಟ್ಟಿದ್ದು ಕಾನೂನು, ಯಾವ ಇಂದ್ರಮ್ಮನೂ ಅಲ್ಲ" ಅಂತ ಬರ್ದಿದಿ. ನೀ ಆವಾಗ ಆರು ವರ್ಷದಾಂವ, ಮೂಗ ಸೋರತಿತ್ತು. ನಿನಗೇನು ಮಾಲೂಮ?

ಕೇಳು. ನಿಮ್ಮಪ್ಪ ನಾಮದೇವ ಶಹಾಬಾದಿನ ಕಲ್ಲಿನ ಖಣಿಯಾಗ ಹೋದ. ಹೀರಾನ ಗಂಡ ದೇವೀಂದ್ರಪ್ಪ ಹೊಳಿಯಾಗ ಹೋದ. ಹಕ್ಕುಪತ್ರ ಕೊಡಲಿಕ್ಕ ಚಿತ್ತಾಪುರದಾಗ ಶಾಮಿಯಾನ ಹಾಕಿದ್ರು. ಒಂಬತ್ತು ಗಂಡಸ್ರು, ಗಂಡ ಇಲ್ಲದವರು ನಾವಿಬ್ಬರೇ. ಖುರ್ಚಿ ಮ್ಯಾಲಿನ ಸಾಹೇಬ "ಅನಸುಬಾಯಿಯವರು" ಅಂತ ಕೂಗಿದ. ಅಲ್ಲಿತನಕ ನನ್ನ ಹೆಸರಿನ ಹಿಂದ "ಅವರು" ಅಂತ ಯಾರೂ ಹಚ್ಚಿದ್ದಿಲ್ಲ. ನಾ ಬ್ಯಾರೆ ಯಾರನ್ನರ ಕರೀಲಕತ್ತಾರ ಅಂತ ಹಿಂದ ನೋಡಿದೆ. ಹೀರಾ ಚಿವುಟಿದಳು, "ನೀನೇ ಹೋಗೇ" ಅಂತ.

ಕಾಗದ ಟ್ರಂಕಿನ್ಯಾಗ ಇಟ್ರ ಗೆದ್ದಲಿ ತಿಂತದ ಅಂದ ಮಜೀದ. ಅದು ಒಂದು. ಇನ್ನೊಂದು ಅಂವ ಮೆಲ್ಲಗ ಹೇಳಿದ: "ನಾಳಿ ಗೌಡನ ಮಂದಿ ಬಂದು ಕಾಗದ ಕೊಡು ಅಂದ್ರ ಕೊಟ್ಟುಬಿಡ್ತಿ. ಇಕಿ ಹಿಂದ ಇಟ್ರ ಯಾವ ಮಗ ಕೈ ಹಚ್ತಾನ ನೋಡೋಣು." ಬಂದ್ರು ಖರೇ. ಪಟ ನೋಡಿದ್ರು, ನೀರು ಕೇಳಿದ್ರು, ನೀರು ಕುಡೀದೇ ಹೋದ್ರು. ಬಾಬಾಸಾಹೇಬರು ಕಾನೂನು ಬರೆದ್ರು, ನಾ ಎಲ್ಲಿ ಇಲ್ಲ ಅಂದೆ? ಇಕಿ ಅದನ್ನ ನಮ್ಮ ಓಣಿ ತನಕ ತಂದಳು.

ಅಕಿ ಸತ್ತ ಸುದ್ದಿ ರೇಡಿಯೋದಾಗ ಬಂದಾಗ ಹನ್ನೊಂದೂ ಪಟ ತಲಿ ಮ್ಯಾಲ ಹೊತ್ತು ಹೊಳಿ ತನಕ ಹೋದಿವಿ. ಸಾಲಿಯಾಗ ಸಾಲಾಗಿ ನಿಲ್ಲಿಸಿ ಮೂರು ದಿನ ಭಜನಿ ಮಾಡಿದಿವಿ. ಒಂದೇ ನಮೂನಿ ಕಟ್ಟು, ಒಂದೇ ನಮೂನಿ ಹಾರ. ಆಮ್ಯಾಲ ಅವರವರದು ಅವರವರು ಮನಿಗಿ ತಂದ್ರು. ಆವತ್ತಿನಿಂದ ನಿನ್ನ ಕಾಗದ ಬರೋತನಕ ಗ್ವಾಡಿ ಮ್ಯಾಲಿಂದ ಇಳಿಸಿದ್ದಿಲ್ಲ.

ಹೀರಾ ಹೋದಾಗ ಅಂಬ್ರೇಶ ಅಕಿ ಇಂದ್ರಮ್ಮನ್ನ ಅಕಿ ಎದಿ ಮ್ಯಾಲ ಇಟ್ಟು ಮಣ್ಣು ಮಾಡಿದ. ಹೀರಾ ಬೇಡಿದ್ದೇ ಅದು. ನಂದೂ ಅದೇ ಬೇಡಿಕಿ. ನಿನಗ ಮಾಲೂಮಿಲ್ಲ, ಯಾಕಂದ್ರ ನೀ ಮಣ್ಣಿಗಿ ಬರಲಿಲ್ಲ.

ಪಟ ಈಗ ನಮ್ಮ ಮನ್ಯಾಗ ಇಲ್ಲ. ಎಲ್ಲಿ ಅದ ಅಂತ ಹೇಳಂಗಿಲ್ಲ.

(ಸುರೇಶಣ್ಣ, ಇದು ನಾ ಇಮಾಮ್ಬೀ. ನಮ್ಮ ಮನ್ಯಾಗ ಅದ, ಗೋಧಿ ಡ್ರಮ್ಮಿನ ಹಿಂದ. ನಾ ಹೇಳಿದ್ದು ಹೇಳಬ್ಯಾಡ್ರಿ. ಮುದುಕಿ ನಂದೂ ಜೀವಾ ತಿಂತಾಳ.)

ನಿಮ್ಮವ್ವ,
ಅನಸುಬಾಯಿ


ಚಂದ್ರಂಪಳ್ಳಿ
19 ಆಗಸ್ಟ್ 2025

ಅಣ್ಣನಿಗೆ, ಜೈಭೀಮ.

ನೀನು ಸುದ್ದಿ ಬರೆಯುವ ಪದ್ಧತಿಯಲ್ಲೇ ಬರೆಯುತ್ತೇನೆ. ಚೌಕಟ್ಟು ಬಿಚ್ಚಲಾಯಿತು. ಇದನ್ನು ಹೇಳುತ್ತಿರುವವಳು ನಾನೇ, ಅಲ್ಲೇ ನಿಂತು ನೋಡಿದವಳು.

ಎಂಟನೇ ತಾರೀಖಿಗೆ ನೀನು ಸಮಯ ಕೇಳಿದಿ, ಅಕ್ಟೋಬರ್ 17ರವರೆಗೆ ಕೊಟ್ಟರು ಎಂದು ಗೊತ್ತಾದ ಮೇಲೆ ರಜೆ ಹಾಕಿ ಊರಿಗೆ ಹೋದೆ. ಕಾನೂನಿನ ಮಾತೇ ಎತ್ತಲಿಲ್ಲ. "ಅವ್ವ, ಮೊಳೆಗೆ ತುಕ್ಕು ಹಿಡಿದು ಪಟ ಕೆಳಗ ಬಿದ್ರ ಗಾಜು ಒಡೀತದ. ಮಜೀದರ ಮಗ ಕಲೀಮ್ ಹೊಸ ಮೊಳಿ ಹೊಡೆದು ಕೊಡ್ತಾನ, ನಿನ್ನ ಕಣ್ಣ ಮುಂದ, ಒಂದೇ ತಾಸಿನ್ಯಾಗ" ಅಂದೆ. ಒಪ್ಪಿದಳು. ಶಹಾಬಾದಿನ ತನಕ ಆಟೋದಲ್ಲಿ ಪಟವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬಂದಳು. ಹಂಪು ಬಂದಾಗಲೆಲ್ಲ ಡ್ರೈವರನಿಗೆ ಬೈಗುಳ.

ಕಲೀಮ್ ಹಿಂದಿನ ಹಲಗೆ ತೆಗೆದ. "ಅಬ್ಬಾನ ಕೈ ನೋಡ್ರಿ, ಒಂದ ಮೊಳಿ ಸೊಟ್ಟ ಇಲ್ಲ" ಅಂದ. ಪತ್ರ ಒಳಗೇ ಇತ್ತು, ಗೆದ್ದಲು ಮುಟ್ಟಿಲ್ಲ, ರಟ್ಟಿಗೆ ಗೋಂದು ಹಚ್ಚಿ ಅಂಟಿಸಿದ್ದರು. ಎದುರಿನ ಪುಟ ಸ್ವಚ್ಛ ಓದುವ ಹಾಗಿದೆ. ನಾನು ಜೋರಾಗಿ ಓದಿದೆ. ಮಂಜೂರಿ ಪಡೆದವರ ಹೆಸರು: ಹೀರಾಬಾಯಿ ಗಂಡ ದೇವೀಂದ್ರಪ್ಪ.

ಮತ್ತೊಮ್ಮೆ ಓದು ಅಂದಳು ಅವ್ವ. ಓದಿದೆ. ಕಲೀಮನೂ ಓದಿದ. ಅವ್ವ ಅಂಗಡಿಯ ಮೆಟ್ಟಿಲ ಮೇಲೆ ಕುಂತಳು. ಆಮೇಲೆ, "ಸಾಲಿಯಾಗ ಅದಲಬದಲ್ ಆಗ್ಯಾದ. ಹಂಗಾರ ನಂದು ಹೀರಾನ ಸಂಗಟ ಹೋಗ್ಯಾದ" ಅಂದಳು.

ನಲವತ್ತು ವರ್ಷ ನಾವು ಹೀರಾಬಾಯಿಯ ಪಟಕ್ಕೆ ಹೂ ಇಟ್ಟಿದ್ದೇವೆ, ಅವರು ನಮ್ಮದಕ್ಕೆ. ನನಗೆ ನಗು ಬಂತು. ಅವ್ವ ನನ್ನ ಕಡೆ ನೋಡಿದ ಮೇಲೆ ನಿಂತಿತು.

ಸುದ್ದಿ ಹಬ್ಬಿ ಉಳಿದ ಒಂಬತ್ತು ಮನೆಯವರೂ ಪಟ ಬಿಚ್ಚಿಸಿದರು. ಮೂರು ಮನೆಯಲ್ಲಿ ಬೇರೆಯವರ ಪತ್ರ ಇದ್ದವು ಅಂತ ಕಲೀಮ್ ಹೇಳಿದ. ನಮ್ಮದು ಯಾವುದರಲ್ಲೂ ಇರಲಿಲ್ಲ. ಉಳಿದದ್ದು ಒಂದೇ ಪಟ, ಅದು ಮಣ್ಣಿನಲ್ಲಿದೆ.

ಹೀರಾಬಾಯಿಯ ಪತ್ರ ರಟ್ಟಿನ ಸಮೇತ ಸೇಡಂನ ನಿನ್ನ ಮನೆಯ ಟ್ರಂಕಿನಲ್ಲಿ ಇಟ್ಟು ಬಂದಿದ್ದೇನೆ. ಅಂಬರೇಶನಿಗೆ ಬರೆ. ಮನುಷ್ಯನ ಹಾಗೆ ಬರೆ, ವಕೀಲನ ಹಾಗೆ ಅಲ್ಲ.

ಲುಂಬಿನಿ


ಸೇಡಂ
25 ಆಗಸ್ಟ್ 2025

ಶ್ರೀ ಅಂಬರೇಶ ತಂದೆ ದೇವೀಂದ್ರಪ್ಪ, ಶಹಾಬಾದ, ಇವರಿಗೆ.

ನಿಮ್ಮ ತಾಯಿಯವರ ಮೂಲ ಹಕ್ಕುಪತ್ರ ನಮ್ಮ ತಾಯಿಯ ಪಟದ ಹಿಂದೆ ದೊರೆತಿದೆ. ಆಗಸ್ಟ್ 14ರಂದು ಕಲೀಮ್ ಅವರ ಅಂಗಡಿಯಲ್ಲಿ, ನನ್ನ ತಂಗಿ ಮತ್ತು ಕಲೀಮ್ ಅವರ ಸಮಕ್ಷಮ. 1984ರ ನವೆಂಬರಿನಲ್ಲಿ ಶಾಲೆಯಿಂದ ಪಟಗಳನ್ನು ಮನೆಗೆ ಒಯ್ಯುವಾಗ ಅದಲುಬದಲಾಗಿದೆ ಎಂದು ನಮ್ಮ ತಾಯಿಯ ಹೇಳಿಕೆ. ಉಳಿದ ಒಂಬತ್ತು ಪಟಗಳನ್ನೂ ಬಿಚ್ಚಿ ನೋಡಲಾಗಿದೆ. ಆದ್ದರಿಂದ ನಮ್ಮ ತಾಯಿಯ ಪತ್ರವು 2016ರಲ್ಲಿ ನೀವು ನಿಮ್ಮ ತಾಯಿಯವರೊಂದಿಗೆ ಮಣ್ಣು ಮಾಡಿದ ಪಟದಲ್ಲಿತ್ತು ಎಂಬುದು ಸ್ಪಷ್ಟ.

ಪಟ ಮಣ್ಣು ಮಾಡಿದ್ದನ್ನು ನೀವು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಅದನ್ನು ಕೊಟ್ಟ ದಿನವೇ ನಿಮ್ಮ ತಾಯಿಯವರ ಪತ್ರವನ್ನು ನಿಮಗೆ ಒಪ್ಪಿಸಲಾಗುವುದು. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿರುವುದರಿಂದ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ.

ನಮ್ಮಿಬ್ಬರ ವಿಚಾರಣೆಯೂ ಅಕ್ಟೋಬರ್ 17ರಂದು.

ಸುರೇಶಕುಮಾರ ತಂದೆ ನಾಮದೇವ


ಶಹಾಬಾದ
5 ಸೆಪ್ಟೆಂಬರ್ 2025

ಸುರ್ಯಾಗ,

"ಶ್ರೀ ಅಂಬರೇಶ ತಂದೆ ದೇವೀಂದ್ರಪ್ಪ ಇವರಿಗೆ" ಅಂತ ಬರ್ದಿಯಲ್ಲ, ಯಾವ ದಿಮಾಕ್ ಇದು? ನಿನಗ ಈಸು ಕಲಿಸಿದಾಂವ ನಾನು. ಕಾಗಿಣಾ ಹೊಳಿಯಾಗ ಮುಳುಗಲಕತ್ತಾಗ ಕೂದಲ ಹಿಡಿದು ಎಳ್ಕೊಂಡು ಬಂದಾಗ "ಇವರಿಗೆ" ಅಂದಿದ್ದೇನು?

ಹತ್ತು ವರ್ಷದ ಹಿಂದ ಕಳ್ಳ ಉಸುಕಿನ ಟ್ರ್ಯಾಕ್ಟರ್ ಸುದ್ದಿಯಾಗೂ ಹಿಂಗೇ ಬರ್ದಿದ್ದಿ, "ಅಂಬರೇಶ ತಂದೆ ದೇವೀಂದ್ರಪ್ಪ". ಸುದ್ದಿ ಖರೇ ಇತ್ತು. ಟ್ರ್ಯಾಕ್ಟರ್ ನಂದೇ, ಉಸುಕು ಹೊಳಿದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ನನಗ ಹೇಳಿ ಬರೀಬೇಕಿತ್ತು. ಹಿಂದಿನ ದಿನ ನಮ್ಮ ಮನ್ಯಾಗ ಮೀನಿನ ಸಾರು ಉಂಡು, ಹೊಳಿಯಾಗ ಸತ್ತ ನಮ್ಮಪ್ಪನ ಹೆಸರೂ ಸೇರಿಸಿ ಮರುದಿನ ಪೇಪರಿನ್ಯಾಗ ಹಾಕಿದಿ. ನಮ್ಮವ್ವ ಹೋದಾಗ ನಿಮ್ಮವ್ವ ಬಂದಳು, ಲುಂಬಿನಿ ಬಂದಳು. ನೀ ಬರಲಿಲ್ಲ. ಬಂದಿದ್ರ ನಾ ಪಟ ಇಡೋದು ನೀನೇ ನೋಡತಿದ್ದಿ, ಇವತ್ತ ನನ್ನ ಪ್ರಮಾಣಪತ್ರದ ಗರಜೇ ಬೀಳತಿರಲಿಲ್ಲ.

ಹೌದು, ಈ ಕೈಯಿಂದಲೇ ಇಟ್ಟೀನಿ. ಹಿಂದ ಕಾಗದ ಅದ ಅಂತ ಮಾಲೂಮಿತ್ತು. ಪಹಣಿ ಕಂಪ್ಯೂಟರಿನ್ಯಾಗ ಬಂದಾದ, ಇನ್ನ ಹಳೀ ಹಾಳಿ ಯಾತಕ್ಕ ಅಂದುಕೊಂಡೆ. ನೋಟೀಸು ಬಂದಮ್ಯಾಲ ಎರಡು ತಿಂಗಳು ನನಗ ಅನ್ನ ಇಳಿದಿಲ್ಲ. ನನ್ನ ಹೊಲ ನಾನೇ ಹುಗಿದೆ ಅಂತ ಹೆಂಡ್ತಿಗಿ ಹೇಳಲಿಕ್ಕೂ ಬಾಯಿ ಬರಲಿಲ್ಲ. ಈಗ ನೀ ಹೇಳ್ತಿ, ನನ್ನ ಪತ್ರ ನಿನ್ನ ಟ್ರಂಕಿನ್ಯಾಗ ಅದ, ಸಹಿ ಮಾಡಿದ್ರ ಕೊಡ್ತೀನಿ ಅಂತ. ಆ ಗೌಡನ ಮಂದಿಗೂ ನಿನಗೂ ಏನ ಫರಕ್?

ಸಹಿ ಮಾಡಂಗಿಲ್ಲ. ನಾಳಿ ಯಾರರ "ಅಗದು ತೋರಸ್ರಿ" ಅಂದ್ರ? ನಮ್ಮವ್ವನ ಮಣ್ಣು ಯಾರೂ ಮುಟ್ಟಬಾರದು. ಪತ್ರ ನೀನೇ ಇಟ್ಕೋ. ನಿನ್ನ ಸುದ್ದಿಗಿ ಬರ್ತದ.

ಅಂಬ್ರೇಶ


ಹನ್ನೊಂದ್ಮನಿ
18 ಸೆಪ್ಟೆಂಬರ್ 2025

ಸುರೇಶಗ ಅವ್ವ ಹೇಳಿ ಬರೆಸಿದ್ದು. ಬರೆದವಳು ಇಮಾಮ್ಬೀ.

ನಿನ್ನೆ ನಿನ್ನ ಮನಿಗಿ ಬಂದಿದ್ದೆ. ನೀ ವಿಮೋಚನಾ ದಿನದ ಝೇಂಡಾ ಹಾರಿಸೋ ಸುದ್ದಿ ಬರೀಲಿಕ್ಕ ಹೋಗಿದ್ದಿ. ಸೊಸಿ ರಾಧಿಕಾ ಚಹಾ ಕೊಟ್ಟಳು. ಟ್ರಂಕಿನ ಕೀಲಿ ಎಲ್ಲಿ ಇಡ್ತಿ ಅಂತ ಹಡೆದಾಕಿಗಿ ಮಾಲೂಮಿಲ್ಲೇನು? ಹೀರಾನ ಕಾಗದ ತಗೊಂಡೆ. ವಾಡಿಯಾಗ ಗಾಡಿ ಬದಲು ಮಾಡಿ ಶಹಾಬಾದಿಗೆ ಹೋಗಿ ಅಂಬ್ರೇಶನ ಕೈಯಾಗ ಕೊಟ್ಟು ಬಂದೆ. ಸೊಸಿಗಿ ಬೈಬ್ಯಾಡ.

ಅಂವ ಕೇಳಿದ, "ದೊಡ್ಡವ್ವ, ಸುರ್ಯಾ ಏನರ ಬರೆಸ್ಕೊಂಡು ಬಾ ಅಂದಾನೇನು?" ಅಂತ. "ಸುರ್ಯಾನ ಮಾತು ಸುರ್ಯಾನ ಬಲ್ಲಿ ಇರಲಿ. ಇದು ಹೀರಾಂದು, ಹೀರಾ ಇಲ್ಲ, ನೀ ಇದ್ದಿ, ಹಿಡಿ" ಅಂದೆ. ನಮ್ಮ ಹೊಲದ ಮಾತು ನಾ ಎತ್ತಲಿಲ್ಲ. ಅಂವನೂ ಎತ್ತಲಿಲ್ಲ. ಮೀನ ಕರಿದಿದ್ರು, ಉಂಡೆ.

ನೀ ಈಗ ತಲಿ ಮ್ಯಾಲ ಕೈ ಹೊತ್ತು ಕುಂತಿರ್ತಿ. ಕುಂದ್ರು. ಗೌಡಗ ಹೆದರಿ ಇಂದ್ರಮ್ಮನ ಹಿಂದ ಕಾಗದ ಇಟ್ಟಾಕಿ ನಾನು. ನನ್ನ ಮಗ ಇನ್ನೊಬ್ಬರ ಕಾಗದ ಇಟ್ಕೊಂಡು ಗೌಡಕಿ ಮಾಡೋದು ನಾ ನೋಡಂಗಿಲ್ಲ. ಹೊಲ ಹೋದ್ರ ಹೋಗಲಿ ಅಂತ ನಾ ಅನ್ನಲಕತ್ತಿಲ್ಲ. ಹೋದ್ರ ನಾ ಉಳೀತೀನೋ ಇಲ್ಲೋ ಅದೂ ಮಾಲೂಮಿಲ್ಲ. ಆದ್ರ ಹಿಂಗ ಬ್ಯಾಡ.

(ಇಮಾಮ್ಬೀ: ಮುದುಕಿ ಇಷ್ಟು ಬರೆಸಿ ಕಣ್ಣಿಗಿ ಸೆರಗು ಹಚ್ಚಿ ಕುಂತಾಳ. ಇದನ್ನ ಬರೀಬ್ಯಾಡ ಅಂದಾಳ.)

ನಿಮ್ಮವ್ವ,
ಅನಸುಬಾಯಿ


ಸೇಡಂ
22 ಸೆಪ್ಟೆಂಬರ್ 2025

ಲುಂಬಿನಿಗೆ,

ನಮ್ಮ ಕೈಯಲ್ಲಿದ್ದ ಒಂದೇ ದಾಖಲೆ ಈಗ ನಮ್ಮ ಕೈಯಲ್ಲಿಲ್ಲ. ತಿಳಿಸಿದವಳು ಅವ್ವ, ದೃಢಪಡಿಸಿದವಳು ರಾಧಿಕಾ. ಅವ್ವನ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ, ಓದು.

ಮೂವತ್ತು ವರ್ಷದಿಂದ ಸುದ್ದಿ ಬರೆಯುತ್ತಿದ್ದೇನೆ. ಪಡಿತರ ಚೀಲದ ಮೇಲೆ ಒಬ್ಬರ ಮುಖ, ಸೈಕಲ್ಲಿನ ಮೇಲೆ ಇನ್ನೊಬ್ಬರದು, ಬಸ್ ನಿಲ್ದಾಣದ ಮೇಲೆ ಮತ್ತೊಬ್ಬರದು. ಯಾವ ಪಕ್ಷ ಬಂದರೂ ಮುಖ ಮುಂದೆ, ಕೊಟ್ಟದ್ದು ಹಿಂದೆ. ಕೊಡುವವರು ಯಾರೋ ಅವರ ಮನೆಯಿಂದ ತಂದು ಕೊಟ್ಟ ಹಾಗೆ. ಇದನ್ನೆಲ್ಲ ಕಲಿಸಿಕೊಟ್ಟವಳು ಅವ್ವನ ಆ ಇಂದ್ರಮ್ಮನೇ ಎಂದು ಅವ್ವನೊಡನೆ ಎಷ್ಟು ಸಲ ಜಗಳ ತೆಗೆದಿದ್ದೇನೆ. ಈಗ ಅದೇ ಅವ್ವ ನನಗೆ ಗೌಡ ಅನ್ನುತ್ತಾಳೆ. ಅಂಬರೇಶನೂ ಅಂದ. ಇಬ್ಬರೂ ಸೇರಿ ಮಾತಾಡಿಕೊಂಡರೋ ಏನೋ. ನಾನು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ, ರಾಧಿಕಾ ಅದನ್ನು ಗಮನಿಸಲೂ ಇಲ್ಲ.

ಬೇರೆ ದಾಖಲೆ ಹುಡುಕುತ್ತಿದ್ದೇನೆ. ಹಳೆಯ ಕಂದಾಯ ರಸೀದಿ ಎರಡು ಸಿಕ್ಕಿವೆ. ಸಾಲುವುದಿಲ್ಲ ಎಂದು ವಕೀಲರ ಅಭಿಪ್ರಾಯ.

ವಿಚಾರಣೆಗೆ ಇಪ್ಪತ್ತೈದು ದಿನ ಉಳಿದಿವೆ.

ಸುರೇಶಕುಮಾರ


ಶಹಾಬಾದ
11 ಅಕ್ಟೋಬರ್ 2025

ಸುರ್ಯಾ,

ಕಲೀಮ್ ಬಲ್ಲಿ ಕಾಗದ ಒಯ್ದಿದ್ದೆ. ರಟ್ಟಿಗಿ ಅಂಟಿಸ್ಯಾರ, ಕಚೇರಿಯಾಗ ರಟ್ಟ ಸಮೇತ ಹ್ಯಾಂಗ ಕೊಡಲಿ ಅಂತ. ಅಂವ ನೀರಿನ ಆವಿ ಹಿಡಿದು ಅರ್ಧಾ ತಾಸು ಕುಂತು ಬಿಡಿಸಿದ. ಹಿಂದಿನ ಬದಿಗಿ ನಾವು ಯಾರೂ ನೋಡದ ಬರಹ ಅದ. ಚಕ್ಕಬಂದಿ, ಅಂದ್ರ ನಾಲ್ಕೂ ದಿಕ್ಕಿಗಿ ಯಾರ ಹೊಲ ಅಂತ. ನೀ ಪೇಪರಿನಾಂವ, ನಮಗ ಬೇಕಾದ ಎರಡು ದಿಕ್ಕಿಂದು ಬರೋಬ್ಬರಿ ಬರ್ದು ಕಳಸ್ತೀನಿ:

ಪೂರ್ವಕ್ಕೆ: ಅನಸುಬಾಯಿ ಗಂಡ ನಾಮದೇವ ಇವರಿಗೆ ಇದೇ ಆದೇಶದಲ್ಲಿ ಮಂಜೂರಾದ ನಾಲ್ಕು ಎಕರೆ. ದಕ್ಷಿಣಕ್ಕೆ: ಕಾಗಿಣಾ ನದಿ.

ಕೆಳಗ ಸಾಹೇಬನ ಸಹಿ, ಗುಂಡು ಮೊಹರು. ನಿಮ್ಮವ್ವನ ಹೊಲ ನಮ್ಮವ್ವನ ಕಾಗದದಾಗ ಅದ. ಅಗಿಯೋ ಗರಜಿಲ್ಲ.

ನನ್ನ ಫೈಲಿಗೂ ನಿಮ್ಮ ಫೈಲಿಗೂ ಇದೇ ದಾಖಲೆ ಅಂತ ಅರ್ಜಿ ಕೊಟ್ಟೀನಿ, ಸ್ವೀಕೃತಿ ಇದರಾಗ ಅದ. ಪಟ ಮಣ್ಣು ಮಾಡಿದ ಮಾತೂ ಬರ್ದು ಸಹಿ ಮಾಡೀನಿ. ನೀ ಹೇಳಿದ್ದಕ್ಕಲ್ಲ. ದೊಡ್ಡವ್ವ ಕೇಳಲಿಲ್ಲ, ಅದಕ್ಕ.

ಹದಿನೇಳಕ್ಕ ಅಕಿನ್ನ ಕರ್ಕೊಂಡು ಬಾ. ಇದನ್ನ ಪೇಪರಿನ್ಯಾಗ ಹಾಕಿದ್ರ ಈ ಸಲ ಹೊಳಿಯಾಗ ನಾನೇ ಮುಳುಗಿಸ್ತೀನಿ.

ಅಂಬ್ರೇಶ


ಸೇಡಂ
19 ಅಕ್ಟೋಬರ್ 2025

ತಂಗಿ ಲುಂಬಿನಿಗೆ, ಜೈಭೀಮ.

ಹೀರಾಬಾಯಿಯ ಹಕ್ಕುಪತ್ರವನ್ನು ಎರಡೂ ಪ್ರಕರಣಗಳಲ್ಲಿ ಮೂಲ ದಾಖಲೆಯಾಗಿ ಸ್ವೀಕರಿಸಲಾಗಿದೆ. ವರದಿ ನನ್ನದೇ, ನಾನು ಅಲ್ಲಿದ್ದೆ.

ಅವ್ವ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯೊಳಗೆ ಹೋದಳು, ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅಂಬರೇಶ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಇಬ್ಬರೂ ಅವಳ ಒಂದೊಂದು ತೋಳು ಹಿಡಿದಿದ್ದೆವು. ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. ಪತ್ರದ ಹಿಂಬದಿಯನ್ನು ಎರಡು ಸಲ ಓದಿದರು. ಆಮೇಲೆ ಹೇಳಿಕೆ ಬರೆಯಿಸಲು ಅವ್ವನನ್ನು ಕೇಳಿದರು: "ಅಮ್ಮಾ, ಈ ಜಮೀನು ನಿಮಗೆ ಯಾರು ಕೊಟ್ಟರು?"

ನನಗೆ ಇದೇ ಭಯವಿತ್ತು.

"ಇಂದ್ರಮ್ಮ" ಅಂದಳು.

ಗುಮಾಸ್ತ "ಸರ್ಕಾರ" ಎಂದು ಬರೆದ. ಅವ್ವ ಓದಿ ಹೇಳು ಅಂದಳು, ಓದಿದ. "ನಾ ಹಂಗ ಹೇಳಿಲ್ಲ" ಅಂದು ಕೈ ಹಿಂದಕ್ಕೆ ಎಳೆದುಕೊಂಡಳು. ಸಹಿ ಮಾಡುವುದಿಲ್ಲ. ಹಿಂದೆ ಹದಿನಾಲ್ಕು ಪ್ರಕರಣಗಳವರು ಕಾದು ನಿಂತಿದ್ದರು. ನಾನು ಹಲ್ಲು ಕಚ್ಚಿ, "ಅವ್ವ, ಎರಡೂ ಒಂದೇ" ಅಂದೆ. "ಒಂದೇ ಆದ್ರ ಇಂದ್ರಮ್ಮ ಅಂತ ಬರೀಲಿ" ಅಂದಳು.

ಅಂಬರೇಶ ಬಗ್ಗಿ ಕೂತು ಹೇಳಿದ: "ದೊಡ್ಡವ್ವ, ಅಕಿ ಕೊಟ್ಟಾಳ ಅಂದ್ರ ಅಕಿ ಹೋದಮ್ಯಾಲ ಯಾರರ ಕಸಗೋಬೌದು. ಸರ್ಕಾರ ಕೊಟ್ಟದ ಅಂದ್ರ ಕಸಗೊಳ್ಳಾಕ ಬರಂಗಿಲ್ಲ."

ಅವ್ವ ಅವನನ್ನು ಮಳ್ಳನನ್ನು ನೋಡುವ ಹಾಗೆ ನೋಡಿದಳು. "ಮತ್ತ ಈ ನೋಟೀಸು ಯಾರು ಕಳಿಸ್ಯಾರೋ? ಇಂದ್ರಮ್ಮ ಕಳಿಸ್ಯಾಳೇನು?"

ಗುಮಾಸ್ತ ಫ್ಯಾನಿನ ಕಡೆ ನೋಡಿದ. ಅಧಿಕಾರಿ ಪೆನ್ನು ಕೆಳಗಿಟ್ಟು, ಮತ್ತೆ ತೆಗೆದುಕೊಂಡು, ತಾವೇ ಬರೆದರು. ಬರೆದದ್ದನ್ನು ಓದಿ ಹೇಳಿದರು: "ಸದರಿ ಜಮೀನು 1976ರಲ್ಲಿ ಸರ್ಕಾರದಿಂದ ಮಂಜೂರಾಗಿದೆ. ತನಗೆ ಇದನ್ನು ಇಂದ್ರಮ್ಮ ಕೊಟ್ಟರೆಂದು ಅನಸುಬಾಯಿಯವರು ಹೇಳುತ್ತಾರೆ."

ಯಾರು ಹೇಳಿದರು ಎಂಬುದನ್ನು ಸೇರಿಸಿದರೆ ವಾಕ್ಯ ನಿಲ್ಲುತ್ತದೆ. ಈ ಕಸುಬಿನಲ್ಲಿ ನಾನು ಮೂವತ್ತು ವರ್ಷ ಮಾಡಿದ್ದು ಅದನ್ನೇ, ಅವ್ವನ ವಿಷಯದಲ್ಲಿ ಮಾತ್ರ ಒಮ್ಮೆಯೂ ಮಾಡಲಿಲ್ಲ. ಅವ್ವ "ಅವರು ಅಂತ ಹಚ್ಚೀರೇನು?" ಎಂದು ಕೇಳಿದಳು. ಹಚ್ಚಿದ್ದೇವೆ ಅಂದರು. ಸಹಿ ಮಾಡಿದಳು, ನೀನು ಕಲಿಸಿದ ಸಹಿ, ನಾಲ್ಕು ನಿಮಿಷ ಹಿಡಿಯಿತು.

ಹೊರಗೆ ಬಂದ ಮೇಲೆ ಅಂಬರೇಶ ಚಹಾ ಹೇಳಿದ, ಮೂರು. ನನ್ನ ಕಪ್ಪು ನನ್ನ ಕಡೆ ಸರಿಸಿ, "ಇವರಿಗೆ" ಅಂದ. ನಾನು ಕುಡಿದೆ. ಹೀರಾಬಾಯಿಯ ಮಣ್ಣಿಗೆ ಬರಲಿಲ್ಲ ಎಂಬ ಮಾತನ್ನು ನಾನಾಗಿಯೇ ಎತ್ತಬೇಕೆಂದು ಅಂದುಕೊಂಡಿದ್ದೆ. ಎತ್ತಲಾಗಲಿಲ್ಲ. ಮುಂದಿನ ಭೇಟಿಯಲ್ಲಿ ಎತ್ತುತ್ತೇನೆ.

ಪಟ ಎರಡು ತಿಂಗಳಿನಿಂದ ಹಿಂದಿನ ಹಲಗೆ ಇಲ್ಲದೆ ಗೋಡೆಗೆ ಒರಗಿತ್ತು. ನಿನ್ನೆ ಶಹಾಬಾದಿಗೆ ಒಯ್ದೆವು. ಕಲೀಮ್ ಕೇಳಿದ, ಹೊಲ ಅಳೆದು ಅವ್ವನ ಹೆಸರಿಗೆ ಹೊಸ ಹಕ್ಕುಪತ್ರ ಕೊಟ್ಟ ಮೇಲೆ ಅದನ್ನೂ ಒಳಗೆ ಸೇರಿಸಿ ಒಂದೇ ಸಲ ಮೊಳೆ ಹೊಡೆಯಲೇ ಎಂದು. ಅವ್ವ ಪಟದ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಬ್ಯಾಡ. ಇಕಿ ನನ್ನ ಸಂಗಟ ಬರ್ತಾಳ. ಹೊಲ ಇಲ್ಲೇ ಉಳೀಬೇಕು. ಕಾಗದ ಲುಂಬಿನಿ ಬಲ್ಲಿ ಕೊಡು, ಸುರ್ಯಾನ ಟ್ರಂಕಿನ ಕೀಲಿ ಎಲ್ಲರಿಗೂ ಮಾಲೂಮದ" ಅಂದಳು.

ಕಲೀಮ್ ಖಾಲಿ ಹಲಗೆ ಇಟ್ಟು ಮೊಳೆ ಹೊಡೆದ.

ಎರಡೂ ಹೊಲಗಳ ಮೋಜಣಿ ನವೆಂಬರ್ 18, ಮಂಗಳವಾರ, ಬೆಳಿಗ್ಗೆ 10.30ಕ್ಕೆ. ಅಕ್ಕಪಕ್ಕದ ಹಿಡುವಳಿದಾರರು ಹಾಜರಿರಬೇಕು.

ನಿನ್ನ ಅಣ್ಣ,
ಸುರೇಶಕುಮಾರ